ಗಿಡದ ಪಾಠ ಬಂತು, ಸೊಸೈಟಿ ಪಾಠ ಬರಲಿಲ್ಲ

ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾವ ಬೆಳೆಗಾರರನ್ನಾದರೂ ಮಾತಿಗೆಳೆಯಿರಿ. ಕಾಂಡಕೊರಕಕ್ಕೆ ಏನು ಮಾಡಬೇಕು, ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದರೆ ಯಾವಾಗ ಫಸಲು, ಎಲ್ಲ ಪಟಪಟನೆ ಹೇಳುತ್ತಾರೆ. ಹೇಳದೆ ಏನು? ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾಗಿದ್ದೇ 1925ರಲ್ಲಿ. ಈಗ ಇನ್ನೊಂದು ಕೇಳಿ: "ನಿಮ್ಮ ಸೊಸೈಟಿ ಅಡಾವೆ ಪತ್ರಿಕೆಯಲ್ಲಿ ಸುಸ್ತಿ ಸಾಲ ಎಷ್ಟಿದೆ ಸಾರ್?" ಬಸ್ ಬಂತು ಅಂತ ಎದ್ದು ಹೋಗುತ್ತಾರೆ!

ನಗುವ ವಿಷಯವಲ್ಲ. 1942ರ ಕಾಯಿದೆ ಪ್ರಕಾರ ಬೆಳೆದ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಕಂತು ತಡವಾಯಿತೆಂದು ಬೈದವರು ಕಡಿಮೆಯೇ? 1992ರಿಂದ ಕಟ್ಟು ಸಡಿಲವಾಗುತ್ತ 1996ಕ್ಕೆ ಪೂಲ್ ಮುಗಿಯಿತು. ನಾಲ್ಕೈದು ವರ್ಷದಲ್ಲೇ ಜಗತ್ತಿನ ದರ ನೆಲಕಚ್ಚಿತು. ಆಗ ಸಣ್ಣ ಬೆಳೆಗಾರ ಒಬ್ಬಂಟಿ. ದೇಶದ ಬೆಳೆಗಾರರಲ್ಲಿ ನೂರಕ್ಕೆ 98 ಮಂದಿ 10 ಹೆಕ್ಟೇರಿನೊಳಗಿನವರು.

ರೋಬಸ್ಟಾ ಚೆರಿ ಮಾರುವುದನ್ನೇ ನೋಡಿ. 50 ಕೆಜಿ ಚೀಲ ಹಲ್ ಮಾಡಿದರೆ ಎಷ್ಟು ಕೆಜಿ ಬೀಜ ಬರುತ್ತೋ ಅದೇ ಓಟಿ. 26 ಕೆಜಿ ಬಂದರೆ 26 ಪಾಯಿಂಟು, ದರ ಪಾಯಿಂಟಿನ ಮೇಲೆ. ಒಂದು ಪಾಯಿಂಟು ಕಡಿಮೆ ಬಿತ್ತೋ, ಚೀಲಕ್ಕೆ ಒಂದು ಕೆಜಿ ಬೀಜದ ದುಡ್ಡು ಹೋಯಿತು. ನೂರು ಚೀಲಕ್ಕೆ ಲೆಕ್ಕ ಹಾಕಿಕೊಳ್ಳಿ. ಸ್ಯಾಂಪಲ್ ತೆಗೆಯುವವರು ಯಾರು? ಕೊಳ್ಳುವವರು. ಮೆಷಿನ್ ಯಾರದು? ಅವರದೇ. ತೇವ ನೋಡುವ ಮೀಟರ್? ಅದೂ ಅವರದೇ. ವ್ಯಾಪಾರಿಗಳು ಸಿಟ್ಟಾಗಬೇಡಿ, ಮೋಸ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆಯೆಲ್ಲ ಒಂದೇ ಕಡೆ ನಡೆಯುತ್ತದೆ ಅಂತಷ್ಟೇ. ಹೋದ ದುಡ್ಡು ಕೊನೆಗೆ ಅಂಗಡಿಯವರ ಉದ್ರಿ ಪುಸ್ತಕದಲ್ಲೇ ಕೂರುವುದು.

ಕಳಸದ ಕಡೆ ಅದೇ ಬೆಳೆಗಾರನಿಗೆ ಒಂದಿಷ್ಟು ಅಡಿಕೆಯೂ ಇರುತ್ತೆ. ಅದನ್ನು ಮಾರುವಾಗ ಇಷ್ಟು ಅಂಜಿಕೆ ಇಲ್ಲ. ಅಡಿಕೆ ದರ ಬಿದ್ದ ಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು, 1973ರ ಜುಲೈ 11ರಂದು. ಶಿವಮೊಗ್ಗದ ಮ್ಯಾಮ್‌ಕೋಸ್ ಇನ್ನೂ ಹಳೆಯದು, 1939ರದ್ದು. ಮಾಲು ಅವರಿಗೆ ಕೊಡಲಿ ಬಿಡಲಿ, ಅವರ ದರ ಕೈಯಲ್ಲಿದ್ದರೆ ಮಾತಾಡಲು ಧೈರ್ಯ. ಕಾಫಿಯಲ್ಲೂ ಸಹಕಾರದ ಪ್ರಯತ್ನ ಆಗಿದೆ. ಆ ಗಟ್ಟಿತನ ಬರಲಿಲ್ಲ.

ತಮಾಷೆ ಕೇಳಿ. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಹೊರಟಾಗ ಅಲ್ಲಿನ ನೌಕರರು ಸಂಘ ಕಟ್ಟಿ ತಾವೇ ನಡೆಸಿದರು. ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರವರೆಗೂ ಅಲ್ಲೇ ಇತ್ತು, ಆಮೇಲೆ ಚರ್ಚ್ ಸ್ಟ್ರೀಟಿಗೆ ಹೋಯಿತು. ಕಾಫಿ ಕೊಟ್ಟವರಿಗೆ ಆದದ್ದು ಬೆಳೆದವರಿಗೆ ಯಾಕಾಗಲಿಲ್ಲ?

ನನ್ನ ಮಟ್ಟಿಗೆ ಉತ್ತರ ಇಷ್ಟೇ: ಸಂಘ ನಡೆಸುವುದನ್ನು ನಮಗೆ ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ. ಸೆಪ್ಟೆಂಬರ್ 25ರೊಳಗೆ ಸೊಸೈಟಿಗಳ ಸರ್ವ ಸದಸ್ಯರ ಸಭೆ. ಹೊರಗೆ ಮಳೆ, ಒಳಗೆ ಜಮಖಾನ. "ವರದಿ ಓದಿದಂತೆ ಭಾವಿಸಿ" ಅಂತಾರೆ, ನಾವೂ ಭಾವಿಸುತ್ತೇವೆ! ಸಹಿ, ಉಪ್ಪಿಟ್ಟು, ಮನೆ. ಸಂಘ ತನ್ನ ನಿವ್ವಳ ಲಾಭದಲ್ಲಿ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕಟ್ಟುತ್ತದೆ. ನಿಮ್ಮ ದುಡ್ಡೇ ಸ್ವಾಮಿ. ಅದರಲ್ಲಿ ನಿಮ್ಮೂರಿಗೆ ಎಷ್ಟು ತರಗತಿ ಬಂತು?

2025ರಲ್ಲಿ ಗುಜರಾತಿನ ಆಣಂದದಲ್ಲಿ ಸಹಕಾರಕ್ಕೆಂದೇ ತ್ರಿಭುವನ್ ವಿಶ್ವವಿದ್ಯಾಲಯ ಆಯಿತು. ಸಂತೋಷ. ಆದರೆ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ಹಳ್ಳಿಯಲ್ಲೇ. ನಮಗೆ ಬೇಕಾದ್ದೂ ಸಣ್ಣದು: ಸೊಸೈಟಿಯಲ್ಲೊಂದು ಸ್ಯಾಂಪಲ್ ಹಲ್ಲರ್, ಒಂದು ತೇವದ ಮೀಟರ್, ಒಂದು ನೋಟ್‌ಬುಕ್. ಯಾರ ಚೆರಿಗೆ ಯಾವ ದಿನ ಎಷ್ಟು ಓಟಿ ಬಂತು, ವ್ಯಾಪಾರಿ ಎಷ್ಟು ಹೇಳಿದರು ಅಂತ ಎರಡು ಫಸಲು ಬರೆದಿಟ್ಟರೆ ಅದೂ ಸಂಶೋಧನೆಯೇ. ಇದಕ್ಕೆ ಖರ್ಚೆಷ್ಟು ಅಂತ ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಕೇಳಿ, ಉಪ್ಪಿಟ್ಟು ಬರುವ ಮುಂಚೆ.