ರಾಜ್ಯಸಭೆಗೆ ರಾಜ್ಯದವರೇ ಹೋಗಲಿ



ನಮ್ಮ ಕರ್ಜಗಿಯಲ್ಲಿ ಪಂಚಾಯಿತಿ ಸದಸ್ಯರಿಂದ ಶಾಸಕರವರೆಗೆ ಯಾರ ಹೆಸರು ಕೇಳಿದರೂ ಜನ ಥಟ್ಟನೆ ಹೇಳುತ್ತಾರೆ. ಕರ್ನಾಟಕದ 12 ರಾಜ್ಯಸಭಾ ಸದಸ್ಯರಲ್ಲಿ ನಾಲ್ವರ ಹೆಸರು ಹೇಳಿ ಎಂದರೆ ಓದಿದವರೂ ತಡವರಿಸುತ್ತಾರೆ. ಇದು ಜನರ ತಪ್ಪಲ್ಲ, ಆಯ್ಕೆಯ ಕ್ರಮದ ತಪ್ಪು.

ಚುನಾವಣಾ ಕಾನೂನಿಗೆ 2003ರಲ್ಲಿ ಆದ ತಿದ್ದುಪಡಿಗೆ ಮುಂಚೆ ರಾಜ್ಯಸಭಾ ಅಭ್ಯರ್ಥಿ ಆಯಾ ರಾಜ್ಯದ ಮತದಾರರಾಗಿರಬೇಕಿತ್ತು. ಈಗ ದೇಶದ ಯಾವ ಮೂಲೆಯ ಮತದಾರರಾದರೂ ಸಾಕು. ಪತ್ರಕರ್ತ ಕುಲದೀಪ್ ನಯ್ಯರ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ತಿದ್ದುಪಡಿಯಿಂದಾಗಿ, ರಾಜ್ಯಸಭಾ ಸದಸ್ಯರನ್ನು ಆರಿಸುವ ಪಕ್ಷದ ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಹಣದ ಆಟ ತಡೆಯಲು ಅದು ಬೇಕು, ಒಪ್ಪುತ್ತೇನೆ. ಆದರೆ ಎರಡೂ ಸೇರಿ, ಯಾರು ಹೋಗಬೇಕೆಂಬ ತೀರ್ಮಾನ ಪೂರ್ತಿ ಹೈಕಮಾಂಡ್ ಕೈಸೇರಿದೆ. ತಮಿಳುನಾಡು ಮೂಲದ ನಿರ್ಮಲಾ ಸೀತಾರಾಮನ್ 2016 ಮತ್ತು 2022ರಲ್ಲಿ, ದೆಹಲಿಯ ಅಜಯ್ ಮಾಕನ್ 2024ರಲ್ಲಿ ಇಲ್ಲಿಂದಲೇ ಆಯ್ಕೆಯಾದರು. ಅವರ ಯೋಗ್ಯತೆ ಬಗ್ಗೆ ತಕರಾರಿಲ್ಲ. ವರದಾ ನದಿಯ ನೆರೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗಿನ ರೈತನ ಪಾಡು ಬಲ್ಲವರು ರಾಜ್ಯಸಭೆಯಲ್ಲಿ ಮಾತಾಡಲಿ ಎಂಬುದಷ್ಟೇ ನಮ್ಮ ಆಸೆ.

ಅಮೆರಿಕದಲ್ಲಿ 1913ರಲ್ಲಿ ಸಂವಿಧಾನ ತಿದ್ದಿ, ಸೆನೆಟರ್‌ಗಳ ಆಯ್ಕೆಯನ್ನು ರಾಜ್ಯ ಶಾಸನಸಭೆಗಳಿಂದ ಜನರ ಕೈಗೆ ಕೊಟ್ಟರು. ನಾವು ಅಷ್ಟು ದೂರ ಹೋಗುವುದು ಬೇಡ. ಹಾಗೆ ಮಾಡಿದರೆ ರಾಜ್ಯಸಭೆಯೂ ಇನ್ನೊಂದು ಲೋಕಸಭೆ ಆದೀತು. ಅಭ್ಯರ್ಥಿ ಆಯಾ ರಾಜ್ಯದ ಮತದಾರರೇ ಆಗಿರಬೇಕೆಂಬ ಹಳೆಯ ನಿಯಮ ಮರಳಿ ಬಂದರೆ ಸಾಕು. ಹಾವೇರಿ ಜಿಲ್ಲೆಯ ಆರೂ ಶಾಸಕರು ಒಟ್ಟಾಗಿ, ಕೇಂದ್ರವನ್ನು ಒತ್ತಾಯಿಸುವ ನಿರ್ಣಯವನ್ನು ವಿಧಾನಸಭೆಯಲ್ಲಿ ಮಂಡಿಸಬೇಕೆಂದು ವಿನಂತಿ.

– ಒಬ್ಬ ಮತದಾರ, ಕರ್ಜಗಿ, ಹಾವೇರಿ ತಾಲ್ಲೂಕು