ಪುಟ್ಟ ಎಂಜಿನ್ನಿಗೂ ಒಂದು ಮೂಲವಿದೆ



ಈಚೆಗೆ ನೆಂಟರಿಷ್ಟರ ನಡುವೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಮಕ್ಕಳ ಆಟದ ರೈಲಾಗಲಿ, ಹವ್ಯಾಸಿಗಳ ಮಾದರಿ ರೈಲಾಗಲಿ, ಅವುಗಳ ಎಂಜಿನ್ನಿಗೆ ನಿಜವಾದ ಯಾವ ಎಂಜಿನ್ನೂ ಆಧಾರವಲ್ಲವಂತೆ. ತಯಾರಕನಿಗೆ ತೋಚಿದ ಆಕಾರವಂತೆ. ಅದರ ಮೂಲವನ್ನು ಹುಡುಕುವುದು ಕೆಲಸವಿಲ್ಲದವರ ಕೆಲಸವಂತೆ. ನಾನು ಕೆಲಸದಿಂದ ನಿವೃತ್ತನಾದವನು. ಆದ್ದರಿಂದ ಈ ಕೆಲಸವನ್ನು ಕೈಗೆತ್ತಿಕೊಳ್ಳಲು ನನಗೆ ಪೂರ್ಣ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಮೇಲಿನ ಮಾತು ತಪ್ಪು. ಮಕ್ಕಳ ವಿದ್ಯೆಯ ದೃಷ್ಟಿಯಿಂದ ಹಾನಿಕರವೂ ಹೌದು.

ಅತ್ಯಂತ ಅಗ್ಗದ ವಸ್ತುವಿನಿಂದಲೇ ಆರಂಭಿಸೋಣ. ನಮ್ಮ ಕಡೆಯ ಜಾತ್ರೆಗಳಲ್ಲಿ ಮಾರುವ ಪ್ಲಾಸ್ಟಿಕ್ ರೈಲನ್ನು ನೀವೆಲ್ಲ ಕಂಡಿದ್ದೀರಿ. ಎಂಜಿನ್ನಿನ ಚಿಮಣಿ ಆಲಿಕೆಯಂತೆ ಮೇಲೆ ಅಗಲವಾಗಿರುತ್ತದೆ, ಮುಂದುಗಡೆ ನೇಗಿಲಿನಂತಹ ಒಂದು ಜಾಲರಿ, ಬೆನ್ನ ಮೇಲೆ ಒಂದು ಗಂಟೆ. ಇದು ಯಾರ ಕಲ್ಪನೆ? ಯಾರದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸೌದೆ ಉರಿಸಿ ಓಡುತ್ತಿದ್ದ ಎಂಜಿನ್ನುಗಳು ಹೀಗೆಯೇ ಇದ್ದವು. ಸೌದೆಯ ಬೆಂಕಿಯಿಂದ ಕಿಡಿಗಳು ಹೆಚ್ಚು ಹಾರುತ್ತವೆ; ಅವನ್ನು ತಡೆಯುವ ಸಾಧನ ಒಳಗೆ ಹಿಡಿಸಬೇಕಾದ್ದರಿಂದ ಚಿಮಣಿ ಅಗಲವಾಯಿತು. ಬೇಲಿಯಿಲ್ಲದ ಬಯಲಿನಲ್ಲಿ ಹಳಿಯ ಮೇಲೆ ಬರುವ ದನಗಳನ್ನು ಪಕ್ಕಕ್ಕೆ ಸರಿಸಲು ಮುಂದಿನ ಜಾಲರಿ ಬಂದಿತು. ಅಚ್ಚು ಹಾಕಿದ ಕಾರ್ಖಾನೆಯವನಿಗೆ ಇದು ತಿಳಿದಿರಲಿಕ್ಕಿಲ್ಲ. ಆದರೆ ತನ್ನ ಮುತ್ತಜ್ಜನ ಹೆಸರನ್ನು ಅರಿಯದವನಿಗೂ ಮುತ್ತಜ್ಜನೊಬ್ಬ ಇದ್ದೇ ಇರುತ್ತಾನಲ್ಲವೇ?

ನಮ್ಮ ಮೊಮ್ಮಕ್ಕಳು ದೂರದರ್ಶನದಲ್ಲಿ ನೋಡಿ ನಲಿಯುವ ಥಾಮಸ್ ಎಂಬ ನೀಲಿ ಎಂಜಿನ್ನಿನ ಕಥೆಯೂ ಇದೇ. ಮುಖವುಳ್ಳ, ಮಾತನಾಡುವ ಈ ಎಂಜಿನ್ನು ಸಂಪೂರ್ಣ ಕಟ್ಟುಕಥೆಯೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 1946ರ ಪುಸ್ತಕಕ್ಕೆ ಚಿತ್ರ ಬರೆದ ಕಲಾವಿದನ ಮುಂದಿದ್ದದ್ದು ಇಂಗ್ಲೆಂಡಿನ 'ಇ-2' ವರ್ಗದ ಎಂಜಿನ್. 1913ರಿಂದ 1916ರ ಅವಧಿಯಲ್ಲಿ ಕಟ್ಟಿದ ಆ ಹತ್ತು ಎಂಜಿನ್ನುಗಳಲ್ಲಿ ಒಂದೂ ಈಗ ಉಳಿದಿಲ್ಲ. ಇನ್ನೊಂದು ಉದಾಹರಣೆ ಇದಕ್ಕಿಂತಲೂ ಸ್ವಾರಸ್ಯಕರ. ಹಾರ್ನ್‌ಬಿ ಕಂಪನಿಯವರು ಮಕ್ಕಳಿಗಾಗಿ ನಾಲ್ಕು ಗಾಲಿಯ ಒಂದು ಮೊಂಡು ಎಂಜಿನ್ ಮಾಡಿ ಮಾರಿದರು. ನೋಡಿದರೆ ಅಪ್ಪಟ ಆಟಿಕೆ. ಆದರೆ ಅದಕ್ಕೆ ಮೂಲವಾದ 101ನೆಯ ಸಂಖ್ಯೆಯ ಎಂಜಿನ್ನನ್ನು 1902ರಲ್ಲಿ ಸ್ವಿಂಡನ್ ಕಾರ್ಖಾನೆಯಲ್ಲಿ ಪ್ರಯೋಗಾರ್ಥವಾಗಿ ಕಟ್ಟಿದ್ದರು. ಅದು ಒಂದೇ ಒಂದು. 1911ರ ಹೊತ್ತಿಗೆ ಅದೂ ಸೇವೆಯಿಂದ ಹೋಯಿತು. ಮೂಲ ಕೆಲವೇ ವರ್ಷ ಬಾಳಿತು. ಪ್ರತಿಕೃತಿ ಸಾವಿರಾರು ಮನೆಗಳಲ್ಲಿ ಬಾಳಿತು.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. ಆಟಿಕೆ ಬೇರೆ, ಪ್ರತಿಕೃತಿ ಬೇರೆ. ನಮ್ಮ ಚನ್ನಪಟ್ಟಣದ ಮರದ ಎಂಜಿನ್ ಇಂತಹುದೇ ಎಂಜಿನ್ನಿನ ನಕಲೆಂದು ಹೇಳಿಕೊಳ್ಳುವುದಿಲ್ಲ. ಆಲೆ ಮರವನ್ನು ತಿರುಗಿಸಿ ಕೆತ್ತಿ ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿಗೆ ಉರುಟಾದ ರೂಪಗಳು ಸಹಜವಾಗಿ ಒದಗುತ್ತವೆ. ಉಗಿ ಎಂಜಿನ್ನಿನ ಬಾಯ್ಲರು, ಚಿಮಣಿ, ಗಾಲಿ ಎಲ್ಲವೂ ಉರುಟು. ಅದು ಉಗಿ ಎಂಜಿನ್ನೆಂಬ ಜಾತಿಯ ಸಾರವನ್ನು ಹಿಡಿದ ವಸ್ತು, ಅದರಲ್ಲಿ ಮೋಸವಿಲ್ಲ. ನನ್ನ ತಕರಾರು ಆ ಕುಶಲಕರ್ಮಿಯೊಂದಿಗಲ್ಲ. 'ಮಾದರಿ' ಎಂದು ಹೆಸರಿಟ್ಟು, ಯಾವುದರ ಮಾದರಿ ಎಂದು ಕೇಳಿದರೆ ನಗುವವರೊಂದಿಗೆ.

ಮಾದರಿಯೆಂದರೆ ಅಳತೆ, ಅಳತೆಯೆಂದರೆ ಗಣಿತ. ಜಗತ್ತಿನಲ್ಲಿ ಬಹಳವಾಗಿ ಬಳಕೆಯಲ್ಲಿರುವ 'ಎಚ್‌ಓ' ಪ್ರಮಾಣದಲ್ಲಿ ಮೂಲದ 87 ಅಡಿ ಮಾದರಿಯ ಒಂದು ಅಡಿಯಾಗುತ್ತದೆ. ಯುರೋಪಿನ ಹಳಿಗಳ ನಡುವಣ ಅಂತರ 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿ: ಸುಮಾರು 16.5 ಬರುತ್ತದೆ. ಅಂಗಡಿಯಲ್ಲಿ ದೊರೆಯುವ ಎಚ್‌ಓ ಹಳಿಯ ಅಗಲವೂ ಅಷ್ಟೇ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದನ್ನು ಭಾಗಿಸಿದರೆ 19.26. ಅಂದರೆ ನಮ್ಮ ದೇಶದ ಎಂಜಿನ್ನಿನ ಎಚ್‌ಓ ಮಾದರಿಯನ್ನು ಅಂಗಡಿಯ ಹಳಿಯ ಮೇಲೆ ನಿಲ್ಲಿಸಿದಾಗ, ಮೂಲದ ಲೆಕ್ಕದಲ್ಲಿ 24 ಸೆಂಟಿಮೀಟರಿನಷ್ಟು ಅದರ ಗಾಲಿಗಳನ್ನು ಒಳಕ್ಕೆ ತಳ್ಳಿದಂತಾಯಿತು. ಮೂಲವೇ ಇಲ್ಲವೆನ್ನುವವರಿಗೆ ಈ ದೋಷ ಕಾಣಿಸುವುದೇ ಇಲ್ಲ. ಮೂಲವನ್ನು ಬಲ್ಲ ಹುಡುಗ ಮಾತ್ರ, "ಸಾರ್, ಗಾಲಿ ತೀರ ಒಳಗಿದೆಯಲ್ಲ?" ಎಂದು ಕೇಳಿಯಾನು. ಆ ಒಂದು ಪ್ರಶ್ನೆಗಾಗಿಯೇ ಅಧ್ಯಾಪಕನಾದವನು ವರ್ಷಗಟ್ಟಲೆ ಸೀಮೆಸುಣ್ಣ ಸವೆಸುತ್ತಾನೆ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ನಮ್ಮ ಜಿಲ್ಲೆಯ ದೇವನಹಳ್ಳಿಯ ಮೂಲಕ ಒಂದು ನ್ಯಾರೋ ಗೇಜ್ ರೈಲು ಓಡುತ್ತಿತ್ತೆಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿಯೂ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿಯೂ ಈ ದಾರಿ ತೆರೆಯಿತು; ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಎರಡೂ ಒಂದಾದವು. ಹಳಿಗಳ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಬಾಲ್ಯದಲ್ಲಿ ಬಂಧುಗಳ ಮನೆಗೆ ಹೋದಾಗ ನಾನೂ ಅದರಲ್ಲಿ ಕುಳಿತವನೇ. ಕಾಲಕ್ರಮದಲ್ಲಿ ಈ ದಾರಿಯೆಲ್ಲ ಬ್ರಾಡ್ ಗೇಜ್ ಆಯಿತು. ಕೋಲಾರ ಮತ್ತು ಚಿಕ್ಕಬಳ್ಳಾಪುರಗಳ ನಡುವಣ ಭಾಗ ಕೊನೆಯದಾಗಿ 2013ರಲ್ಲಿ ತೆರೆಯಿತು. ಅದು ಆಗಬೇಕಾದ್ದೇ. ರೇಷ್ಮೆ, ತರಕಾರಿ ಬೆಳೆಯುವ ಸೀಮೆಗೆ ದೊಡ್ಡ ರೈಲು ಬೇಕು. ನಂದಿ ಹಾಲ್ಟ್‌ನ ಹಳೆಯ ನಿಲ್ದಾಣದ ಕಟ್ಟಡವನ್ನು ಇಂಟ್ಯಾಕ್ ಸಂಸ್ಥೆಯವರು ಆಸ್ಥೆಯಿಂದ ಉಳಿಸಿಕೊಟ್ಟಿದ್ದಾರೆ. ಆದರೆ ಅದರ ಮುಂದೆ ಬಂದು ನಿಲ್ಲುತ್ತಿದ್ದ ಎಂಜಿನ್ ಹೇಗಿತ್ತೆಂದು ಇಂದಿನ ಮಗುವಿಗೆ ತೋರಿಸಲು ನಮ್ಮ ತಾಲ್ಲೂಕಿನ ನಾನು ಕಂಡ ಯಾವ ಶಾಲೆಯಲ್ಲಿಯೂ ಗೇಣುದ್ದದ ಮಾದರಿಯೊಂದಿಲ್ಲ.

ಇದರಲ್ಲಿ ಒಂದು ವಿಪರ್ಯಾಸವುಂಟು. ಮೇಲೆ ಹೇಳಿದ ಭಾಗಾಕಾರವನ್ನು ಈ ದಾರಿಗೂ ಮಾಡಿ ನೋಡಿ. 762ನ್ನು 87ರಿಂದ ಭಾಗಿಸಿದರೆ 8.76. ಮಾದರಿ ರೈಲಿನವರ 'ಎನ್' ಹಳಿಯ ಅಗಲ 9 ಮಿಲಿಮೀಟರ್. ವ್ಯತ್ಯಾಸ ಕಾಲು ಮಿಲಿಮೀಟರಿಗಿಂತ ಕಡಮೆ! ದೆಹಲಿಗೆ ಓಡುವ ದೊಡ್ಡ ಎಂಜಿನ್ನಿಗೆ ಅಂಗಡಿಯಲ್ಲಿ ಸರಿಯಾದ ಹಳಿಯಿಲ್ಲ. ನಮ್ಮ ಶಿಡ್ಲಘಟ್ಟದ ಪುಟ್ಟ ರೈಲಿಗೆ ಹಳಿ ಸಿದ್ಧವಾಗಿದೆ. ಮಾಡುವವರಿಲ್ಲ, ಅಷ್ಟೆ.

ಡಾರ್ಜಿಲಿಂಗಿನ ರೈಲನ್ನು ನೋಡಿ. ಹಳಿಯ ಅಂತರ ಎರಡೇ ಅಡಿ. ಅಲ್ಲಿಯ 'ಬಿ' ವರ್ಗದ ಎಂಜಿನ್ನುಗಳ ಇತಿಹಾಸ 1889ರಿಂದ ಆರಂಭವಾಗುತ್ತದೆ. 1999ರಲ್ಲಿ ಯುನೆಸ್ಕೋ ಆ ರೈಲುದಾರಿಗೆ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟಿತು. ಅದರ ಎಂಜಿನ್ನಿನ ಮಾದರಿಗಳನ್ನು ವಿದೇಶದ ತಯಾರಕರೂ ಮಾಡಿ ಮಾರಿದ್ದಾರೆ. ನಿಜವಾಗಿ ಜನರನ್ನೂ ಸರಕನ್ನೂ ಹೊತ್ತ ಇಂತಹ ರೈಲನ್ನು ನಮ್ಮವರು 'ಟಾಯ್ ಟ್ರೇನ್' ಎಂದು ಕರೆಯುತ್ತಾರೆ. ಆಟಿಕೆಯನ್ನು ಕೈಗೆ ಕೊಟ್ಟರೆ ಅದಕ್ಕೆ ನಿಜದ ಸಂಬಂಧವೇ ಇಲ್ಲವೆನ್ನುತ್ತಾರೆ. ನಿಜವಾದದ್ದು ಆಟಿಕೆಯಾಯಿತು, ಆಟಿಕೆ ಅನಾಥವಾಯಿತು.

"ಮಗುವಿಗೆ ಆನಂದವಾದರೆ ಸಾಲದೇ, ಮೂಲವೇಕೆ?" ಎಂಬ ಆಕ್ಷೇಪಣೆಯನ್ನು ನಾನು ಬಲ್ಲೆ. ಮೂರು ವರ್ಷದ ಮಗುವಿಗೆ ಖಂಡಿತ ಸಾಕು. ಹದಿಮೂರು ವರ್ಷದ ಹುಡುಗನಿಗೆ ಸಾಲದು. ಇಂದು ವಿಜ್ಞಾನ ಪ್ರದರ್ಶನವೆಂದರೆ ಏನಾಗಿದೆ? ತಂದೆತಾಯಿಯರು ಅಂಗಡಿಯಿಂದ ಸಿದ್ಧ 'ಮಾಡೆಲ್' ಕೊಂಡು ತರುತ್ತಾರೆ, ಮಗು ಅದರ ಹಿಂದೆ ನಿಂತು ಬಾಯಿಪಾಠ ಒಪ್ಪಿಸುತ್ತದೆ. ಒಂದು ಪ್ರದರ್ಶನದಲ್ಲಿ ಥರ್ಮೋಕೋಲ್ ರೈಲಿನ ಪ್ರಮಾಣವೆಷ್ಟೆಂದು ನಾನು ಕೇಳಿದಾಗ, ಮಗುವಿಗಿಂತ ಮೊದಲು ಅಲ್ಲಿದ್ದ ಶಿಕ್ಷಕರೇ ಮುಖ ಗಂಟಿಕ್ಕಿದರು. ಪ್ರಮಾಣವನ್ನು ಕೇಳಬಾರದ ಮಾದರಿ ಬರಿಯ ಅಲಂಕಾರ. ಅದಕ್ಕೆ ಅಂಕ ಕೊಡುವುದು ಮಗುವಿಗೆ ಮಾಡುವ ಅನ್ಯಾಯ.

ಆದ್ದರಿಂದ ನನ್ನ ಬೇಡಿಕೆ ಸರಳ. ನಿಮ್ಮಲ್ಲಿ ಹಲವರು ಈಗ ಕಾರ್ಖಾನೆಗಳಲ್ಲಿದ್ದೀರಿ. ನಮ್ಮ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಲ್ಲಿಯೇ ಲೇತ್ ನಡೆಸುವವರಿದ್ದೀರಿ. ಕೆಲವರು ಅಧ್ಯಾಪಕರಾಗಿದ್ದೀರಿ. ಮಕ್ಕಳನ್ನು 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಎಂಜಿನ್ನಿನ ಮುಂದೆ ಛಾಯಾಚಿತ್ರ ತೆಗೆಸಿಕೊಂಡರೆ ಸಾಲದು, ಅಪ್ಪಣೆ ಪಡೆದು ಗಾಲಿಯ ವ್ಯಾಸವನ್ನು ಅಳೆಯಲಿ. ಹಳೆಯ ದಾರಿಯಲ್ಲಿ ಓಡಾಡಿದ ಹಿರಿಯರ ಬಳಿಯ ಛಾಯಾಚಿತ್ರಗಳನ್ನು ಕಲೆಹಾಕಿ. ಆ ಹಿರಿಯರೆಲ್ಲ ನನ್ನಂತೆಯೇ ವಯಸ್ಸಾದವರು. ಇದು ಮುಂದೂಡಬಹುದಾದ ಕೆಲಸವಲ್ಲ. ಬಳಿಕ 87ಕ್ಕೆ ಒಂದರಂತೆ ಒಂದೇ ಒಂದು ಎಂಜಿನ್ ಮಾಡಿ ಶಾಲೆಗೆ ಕೊಡಿ. ಅದರ ಕೆಳಗೆ ಯಾವ ದಾರಿಯದು, ಯಾವ ವರ್ಷದ್ದು, ಪ್ರಮಾಣವೆಷ್ಟು ಎಂಬ ಮೂರು ವಿಷಯಗಳನ್ನು ಕನ್ನಡದಲ್ಲಿ ಬರೆಯಿರಿ.

ಪುಟ್ಟ ಎಂಜಿನ್ನಿಗೆ ಮೂಲವಿಲ್ಲವೆಂದು ಇನ್ನೂ ವಾದಿಸಬಯಸುವವರಿಗೆ ನನ್ನ ಮನೆಯ ಬಾಗಿಲು ತೆರೆದಿದೆ. ಕಾಫಿ ನಮ್ಮದು, ಅಳತೆಪಟ್ಟಿಯನ್ನು ಮಾತ್ರ ನೀವೇ ತನ್ನಿ.