ಕೂಸಿನ ವಹಿ

ಯೆರವಡಾದ ಆಸುಪಾಸಿನಲ್ಲಿ ಕಟ್ಟಡದ ಕೆಲಸ ಮಾಡುವ ಕಲಬುರ್ಗಿ, ವಿಜಯಪುರ ಕಡೆಯ ನಮ್ಮ ತಾಯಂದಿರು ಕೂಸನ್ನು ಪಾಳಣಾಘರದಲ್ಲಿ ಬಿಟ್ಟು ಬಿಗಾರಿಗೆ ಹೋಗುತ್ತಾರೆ. ಕಟ್ಟಡದ ಕೂಲಿಕಾರರ ಮಕ್ಕಳಿಗೆ ಇಂತಹ ಆಸರೆಯನ್ನು ಮೀರಾ ಮಹಾದೇವನ್ ಅವರು 1969ರಲ್ಲಿ ದಿಲ್ಲಿಯಲ್ಲಿ ಆರಂಭಿಸಿದರು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅದು ಇರತಕ್ಕದ್ದೆಂದು 1996ರ ಕಾಯದೆ ವಿಧಿಸಿತು. ಕೋಣೆಯ ಮಾತು ಇನ್ನೊಮ್ಮೆ ಆಡೋಣ. ಇಂದು ಅಲ್ಲಿಯ ವಹಿಯ ಮಾತು.

ಈಚೆಗೆ ಒಂದೆಡೆ ಎರಡು ವರ್ಷದ ಹುಡುಗಿಯ ಹೆಸರಿನ ಮುಂದೆ "ಮಾತು ಬರುವುದಿಲ್ಲ" ಎಂದು ಮರಾಠಿಯಲ್ಲಿ ಬರೆದಿತ್ತು. ಸಂಜೆ ಅವಳೇ ತಾಯಿಯ ಸೆರಗು ಜಗ್ಗಿ "ಯವ್ವಾ, ನೀರ ಕೊಡ" ಎಂದಳು. ಬರೆದ ಹೆಣ್ಣುಮಗಳಿಗೆ ಕನ್ನಡ ಬಾರದು. ಆಕೆಯ ಮೇಲೆ ನಮಗೆ ಸಿಟ್ಟಿಲ್ಲ. ಹತ್ತಿಪ್ಪತ್ತು ಮಕ್ಕಳಿಗೆ ಉಣಿಸಿ ಮಲಗಿಸಿದ ಮೇಲೆ ಪೆನ್ನು ಹಿಡಿದವಳು.

ಆದರೆ ಇದರ ಫಲ ಸಣ್ಣದಲ್ಲ. ಆ ವಯಸ್ಸಿಗೆ ಎರಡು ಪದ ಕೂಡಿಸಿ ಆಡದ ಕೂಸಿನ ಕಿವಿಯನ್ನು ವೈದ್ಯರಿಗೆ ತೋರಿಸಬೇಕು. ಆಡುವ ಕೂಸನ್ನು ಮೂಕವೆಂದು ಬರೆಯುವಲ್ಲಿ, ನಿಜವಾಗಿ ಕಿವಿ ಕೇಳದ ಕೂಸನ್ನು "ಕನ್ನಡದ್ದು, ಅದಕ್ಕೇ ಸುಮ್ಮನಿದೆ" ಎಂದು ಬಿಟ್ಟುಬಿಡುವುದೂ ಉಂಟು.

ಬರೆಯತಕ್ಕದ್ದು ಕಣ್ಣಿಗೆ ಕಂಡದ್ದು: ಇಂಥ ತಾರೀಖು ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯಿತು, ಬಟ್ಟಲನ್ನು ತಾನೇ ಹಿಡಿದು ಕುಡಿಯಿತು, ಕರೆದರೆ ತಿರುಗಲಿಲ್ಲ. "ಮಂದ", "ಹಟಮಾರಿ" ಎಂಬ ತೀರ್ಪುಗಳು ವಹಿಯಲ್ಲಿ ಬೇಡ. ಮನೆಯಲ್ಲಿ ಕೂಸು ಏನೇನು ಆಡುತ್ತದೆಂದು ತಾಯಿಯನ್ನು ಕೇಳಿ ಅದನ್ನೂ ಬರೆಯಬೇಕು.

ತಾಯಂದಿರೇ, ವಾರಕ್ಕೊಮ್ಮೆ ವಹಿಯನ್ನು ಓದಿಸಿ ಕೇಳಿರಿ. ಮರಾಠಿ ಬಲ್ಲ ನಮ್ಮ ಸದಸ್ಯರು ಜೊತೆಗೆ ಹೋಗಬೇಕು. ಕೆಲಸ ಮುಗಿದು ಗಂಟುಮೂಟೆ ಕಟ್ಟುವಾಗ ಆ ಹಾಳೆಯ ನಕಲನ್ನು ಕೇಳಿ ಪಡೆಯಿರಿ. ಇಲ್ಲವಾದರೆ ಹೊಸ ಜಾಗದಲ್ಲಿ ಎಲ್ಲವೂ ಮತ್ತೆ ಮೊದಲಿನಿಂದ.